ಒಂದೂವರೆ ಡಿಗ್ರಿ ದಾಟಿದ ಮೇಲೆ ಮಗಳು ಈ ಓದು ಓದಬೇಕಾ?

ಪ್ರಶ್ನೆ: ನನ್ನ ಮಗಳಿಗೆ 21 ವರ್ಷ. ಪದವಿ ಮುಗಿದ ಮೇಲೆ ಸುಸ್ಥಿರ ಅಭಿವೃದ್ಧಿ ವಿಷಯದಲ್ಲೇ ಎಂ.ಎ. ಮಾಡಬೇಕು ಅಂತ ಎರಡು ವರ್ಷದಿಂದ ಹೇಳುತ್ತಿದ್ದಳು. ಈಗ ಆರು ತಿಂಗಳಿಂದ ಅವಳೇ ಮಂಕಾಗಿದ್ದಾಳೆ. "2024ರಲ್ಲೇ 1.5 ಡಿಗ್ರಿ ದಾಟಿ ಆಯ್ತಪ್ಪಾ, ಇನ್ನು ಓದಿ ಏನ್ ಮಾಡೋದು" ಅನ್ನುತ್ತಾಳೆ. ರಾತ್ರಿ ಎರಡು ಗಂಟೆಯವರೆಗೆ ಮೊಬೈಲ್‌ನಲ್ಲಿ ಇದೇ ಸುದ್ದಿ ಓದುತ್ತಾ ಕೂರುತ್ತಾಳೆ. ನನ್ನ ತಮ್ಮನದು ತದ್ವಿರುದ್ಧ. ಒಂದು ಜ್ವಾಲಾಮುಖಿ ಸಿಡಿದರೆ ಮನುಷ್ಯರೆಲ್ಲ ಸೇರಿ ಬಿಡುವ ಹೊಗೆಗಿಂತ ಜಾಸ್ತಿ ಬರುತ್ತೆ, ಇದೆಲ್ಲ ದುಡ್ಡು ಮಾಡೋರ ನಾಟಕ ಅನ್ನುತ್ತಾನೆ. ನಾನು ಜೀವನವಿಡೀ ಲೆಕ್ಕಪತ್ರ ನೋಡಿದವನು. ವಿಶ್ವಸಂಸ್ಥೆಯವರು 2030ರೊಳಗೆ 17 ಸುಸ್ಥಿರ ಅಭಿವೃದ್ಧಿ ಗುರಿ ಅಂದರು, ನೂರರಲ್ಲಿ 17 ಭಾಗ ಮಾತ್ರ ಸರಿದಾರಿಯಲ್ಲಿದೆ ಅಂತ ಓದಿದೆ. ಸೌರ ವಿದ್ಯುತ್ ಅಗ್ಗವಾಗಿದೆ ಅನ್ನುತ್ತಾರೆ, ಕಲ್ಲಿದ್ದಲು ಸುಡುವುದೂ ದಾಖಲೆ ಮಟ್ಟಕ್ಕೆ ಹೋಗಿದೆ ಅನ್ನುತ್ತಾರೆ. ವರ್ಷಾ ವರ್ಷಾ ಹವಾಮಾನ ಸಮ್ಮೇಳನ ಬೇರೆ. ನನಗೆ ಲೆಕ್ಕ ಕೂಡಿ ಬರುತ್ತಿಲ್ಲ. ನನ್ನ ಪಾಲಿಗೆ ಪ್ರತಿ ವರ್ಷ ಗಿಡ ನೆಡುವವರಿಗೆ ಹಣ ಕೊಡುತ್ತೇನೆ, ಅದಾದರೂ ಸರಿಯೇ? ಮಗಳಿಗೆ ಏನು ಹೇಳಲಿ?

ಉತ್ತರ: ನಿಮ್ಮ ಮನೆಯಲ್ಲಿ ಮೂರು ಪ್ರಶ್ನೆಗಳು ಒಟ್ಟಿಗೆ ಓಡಾಡುತ್ತಿವೆ. ಎಲ್ಲಾ ಮುಗಿದುಹೋಯಿತಾ ಅನ್ನುವುದು ಮಗಳದ್ದು. ಎಲ್ಲಾ ಸುಳ್ಳು ಅನ್ನುವುದು ತಮ್ಮನದು. ಇಷ್ಟು ಮಾಡಿದರೂ ಲೆಕ್ಕ ಯಾಕೆ ಕೂಡುತ್ತಿಲ್ಲ ಅನ್ನುವುದು ನಿಮ್ಮದು. ಮಗಳಿಂದಲೇ ಶುರು ಮಾಡುತ್ತೇನೆ. ನಿದ್ದೆಗೆಟ್ಟು ಕೂತಿರುವುದು ಅವಳಲ್ವಾ.

ಅವಳು ಓದಿದ್ದು ನಿಜ. ಅಳತೆ ಶುರುವಾದ ಮೇಲೆ 2024ರಷ್ಟು ಬಿಸಿ ವರ್ಷ ಇನ್ನೊಂದಿಲ್ಲ. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ ಆ ವರ್ಷದ ಸರಾಸರಿ ತಾಪಮಾನ 1850–1900ರ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಜಾಸ್ತಿ ಇತ್ತು. ಆದರೆ ಬಿಸಿ ಏರುವುದನ್ನು ಮಿತಿಯಲ್ಲಿಡಲು ಜಗತ್ತಿನ ದೇಶಗಳು ಮಾಡಿಕೊಂಡ ಪ್ಯಾರಿಸ್ ಒಪ್ಪಂದದಲ್ಲಿರುವ 1.5 ಯಾವುದೋ ಒಂದು ವರ್ಷದ ಸಂಖ್ಯೆಯಲ್ಲ. ಸುಮಾರು 20 ವರ್ಷಗಳ ಸರಾಸರಿಯನ್ನು ಹಿಡಿದು ನೋಡುವ ಲೆಕ್ಕ ಅದು. 2023ರ ಮಧ್ಯದಿಂದ 2024ರ ಮೊದಲ ತಿಂಗಳುಗಳವರೆಗೆ ಎಲ್ ನಿನೊ ಇತ್ತು. ಅಂದರೆ ಪೆಸಿಫಿಕ್ ಸಾಗರ ತನ್ನೊಳಗಿನ ಬಿಸಿಯನ್ನು ಗಾಳಿಗೆ ಹೆಚ್ಚು ಬಿಡುವ ಕಾಲ. ಅಂಥ ಏರಿಳಿತಗಳನ್ನು ಕಳೆದು ನೋಡಿದರೆ 2024ರ ಹೊತ್ತಿಗೆ ದೀರ್ಘಾವಧಿಯ ಏರಿಕೆ 1.34ರಿಂದ 1.41 ಡಿಗ್ರಿ ಆಸುಪಾಸಿನಲ್ಲಿತ್ತು.

ಇಷ್ಟೇ ಹೇಳಿ ಅವಳನ್ನು ಸಮಾಧಾನ ಮಾಡಿದರೆ ಮೋಸ ಮಾಡಿದ ಹಾಗೆ. ಈಗಿನ ವೇಗದಲ್ಲಿ ಆ ದೀರ್ಘಾವಧಿ ಸರಾಸರಿಯೂ ಇನ್ನು ಹತ್ತು ವರ್ಷದೊಳಗೆ 1.5 ದಾಟುವುದು ಹೆಚ್ಚುಕಡಿಮೆ ಖಚಿತ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2025ರ ವರದಿಯಲ್ಲಿ ಇದನ್ನು ನೇರವಾಗಿಯೇ ಬರೆದಿದೆ. ಹಾಗಾಗಿ ಅವಳ ಆತಂಕಕ್ಕೆ ಆಧಾರ ಇದೆ. ಆಧಾರ ಇಲ್ಲದಿರುವುದು ಅವಳು ಅದರಿಂದ ತೆಗೆದ ತೀರ್ಮಾನಕ್ಕೆ.

ಪರೀಕ್ಷೆಯಲ್ಲಿ 35 ಅಂಕ ಬಂದರೆ ಪಾಸು, 34 ಬಂದರೆ ಫೇಲು. ಮಕ್ಕಳು ಅದೇ ಅಭ್ಯಾಸದಲ್ಲಿ ಬೆಳೆದಿರುತ್ತಾರೆ. 1.5 ಅನ್ನುವ ಗೆರೆಯನ್ನೂ ಹಾಗೇ ಓದುತ್ತಾರೆ. ಭೂಮಿಯ ವಿಷಯದಲ್ಲಿ ಅಂಥ ಗೆರೆ ಇಲ್ಲ. 1.5ಕ್ಕೆ ಹವಳದ ದಿಬ್ಬಗಳಲ್ಲಿ ನೂರಕ್ಕೆ 70ರಿಂದ 90 ಭಾಗ ಹೋಗುತ್ತವೆ, 2 ಡಿಗ್ರಿಗೆ 99 ಭಾಗಕ್ಕಿಂತ ಜಾಸ್ತಿ ಹೋಗುತ್ತವೆ. ಐದು ವರ್ಷಕ್ಕೊಮ್ಮೆಯಾದರೂ ಭೀಕರ ಬಿಸಿಗಾಳಿಗೆ ಸಿಕ್ಕುವವರು 1.5ರಲ್ಲಿ ಜಗತ್ತಿನ ಜನರಲ್ಲಿ ಸುಮಾರು 14 ಭಾಗ, 2 ಡಿಗ್ರಿಯಲ್ಲಿ ಸುಮಾರು 37 ಭಾಗ ಅನ್ನುವ ಅಂದಾಜಿದೆ. ಈ ಎರಡು ಸಂಖ್ಯೆಗಳ ನಡುವೆ ಇರುವುದು ಬರೀ ಅರ್ಧ ಡಿಗ್ರಿ. ಹಾಗಾದರೆ 1.6ಕ್ಕೆ ನಿಲ್ಲುವುದಕ್ಕೂ 1.9ಕ್ಕೆ ನಿಲ್ಲುವುದಕ್ಕೂ ಎಷ್ಟು ಕೋಟಿ ಜನರ ವ್ಯತ್ಯಾಸ ಇದೆ ಅಂತ ಯೋಚಿಸಲಿ. ಅವಳ ಇಡೀ ವೃತ್ತಿಜೀವನ ನಡೆಯುವುದೇ ಆ ಜಾಗದಲ್ಲಿ.

ಇನ್ನೊಂದು ವಿಷಯ ಅವಳಿಗೆ ಗೊತ್ತಿಲ್ಲದೆ ಇರಬಹುದು. ಬಿಸಿಯಾಗುವುದು ಒಮ್ಮೆ ಶುರುವಾದರೆ ನಾವು ಏನು ಮಾಡಿದರೂ ನೂರಾರು ವರ್ಷ ಏರುತ್ತಲೇ ಹೋಗುತ್ತೆ ಅಂತ ತುಂಬಾ ಜನ ನಂಬಿದ್ದಾರೆ. ವಿಜ್ಞಾನಿಗಳ ಈಗಿನ ತಿಳಿವಳಿಕೆ ಹಾಗಿಲ್ಲ. ನಾವು ಹೊಸದಾಗಿ ಸೇರಿಸುವ ಇಂಗಾಲದ ಡೈಆಕ್ಸೈಡ್ ನಿವ್ವಳ ಸೊನ್ನೆಗೆ ಬಂದರೆ, ಅಂದರೆ ಬಿಟ್ಟಷ್ಟನ್ನೂ ಗಾಳಿಯಿಂದ ವಾಪಸ್ ತೆಗೆಯುವಂತಾದರೆ, ಜಗತ್ತಿನ ಸರಾಸರಿ ತಾಪಮಾನದ ಏರಿಕೆಯೂ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಹಿಂದಕ್ಕೆ ಇಳಿಯಲ್ಲ. ಸಮುದ್ರ ಮಟ್ಟ ಶತಮಾನಗಟ್ಟಲೆ ಏರುತ್ತಲೇ ಇರುತ್ತೆ, ಹಿಮ ಕರಗುತ್ತಿರುತ್ತೆ. ಆದರೆ ಬಿಸಿ ಏರುವುದು ನಿಲ್ಲುತ್ತದೆ. ಹಿಡಿತ ಇನ್ನೂ ನಮ್ಮ ಕೈಯಲ್ಲೇ ಇದೆ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಮಾತು ನನಗೆ ಗೊತ್ತಿಲ್ಲ.

ನಿಮ್ಮ ತಮ್ಮನ ಮಾತಿಗೆ ಹೆಚ್ಚು ಹೊತ್ತು ಬೇಡ. ಭೂಮಿಯ ಎಲ್ಲಾ ಜ್ವಾಲಾಮುಖಿಗಳು ಸೇರಿ ಒಂದು ವರ್ಷಕ್ಕೆ ಬಿಡುವ ಇಂಗಾಲದ ಡೈಆಕ್ಸೈಡ್ ಮನುಷ್ಯರು ಬಿಡುವುದರಲ್ಲಿ ನೂರಕ್ಕೆ ಒಂದು ಭಾಗವೂ ಆಗುವುದಿಲ್ಲ. ಸೂರ್ಯನೇ ಕಾರಣ ಅನ್ನುವವರೂ ಇದ್ದಾರೆ. ಸೂರ್ಯನೇ ಬಿಸಿಯಾಗಿದ್ದರೆ ವಾತಾವರಣ ಮೇಲಿನಿಂದ ಕೆಳಗಿನವರೆಗೂ ಬಿಸಿಯಾಗಬೇಕಿತ್ತು. ಆಗುತ್ತಿರುವುದು ಹಾಗಲ್ಲ. ನೆಲದ ಹತ್ತಿರದ ಪದರ ಬಿಸಿಯಾಗುತ್ತಿದೆ, ತುಂಬಾ ಎತ್ತರದ ಪದರ ತಣ್ಣಗಾಗುತ್ತಿದೆ. ಕೆಳಗೆ ಬಿಸಿ ಸಿಕ್ಕಿಹಾಕಿಕೊಂಡಾಗ ಮಾತ್ರ ಹೀಗಾಗುತ್ತದೆ. ಅವರ ಜೊತೆ ಜಗಳ ಬೇಡ, ಇದೊಂದನ್ನು ಹೇಳಿ ಬಿಡಿ. ದುಡ್ಡು ಮಾಡುವವರು ಈ ಕ್ಷೇತ್ರದಲ್ಲಿ ಇದ್ದಾರೆ ಅನ್ನುವ ಅವರ ಇನ್ನೊಂದು ಮಾತಿನಲ್ಲಿ ಸತ್ಯ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ನಿಮ್ಮ ಲೆಕ್ಕ. ನೀವು ಲೆಕ್ಕಪತ್ರದವರಾದ್ದರಿಂದ ಇದು ನಿಮಗೆ ಬೇರೆಯವರಿಗಿಂತ ಬೇಗ ಹಿಡಿಸುತ್ತೆ. ಒಬ್ಬ ಮನುಷ್ಯ ಪ್ರತಿ ವರ್ಷ ಸಾಲ ಮಾಡುತ್ತಾನೆ ಅಂದುಕೊಳ್ಳಿ. "ಈ ವರ್ಷ ಕಳೆದ ವರ್ಷಕ್ಕಿಂತ ಜಾಸ್ತಿ ಸಾಲ ಮಾಡಿಲ್ಲ" ಅಂತ ಅವನು ಖುಷಿಯಿಂದ ಹೇಳಿದರೆ ನೀವು ಏನು ಕೇಳುತ್ತೀರಿ? ಒಟ್ಟು ಬಾಕಿ ಎಷ್ಟು ಅಂತ ಕೇಳುತ್ತೀರಿ. ಹವಾಮಾನದ ಸುದ್ದಿಯಲ್ಲಿ ಈ ಎರಡು ಕಾಲಂ ಸದಾ ಕಲಸಿಹೋಗುತ್ತವೆ. ವರ್ಷಕ್ಕೆ ಬಿಡುವ ಹೊಗೆ ಆ ವರ್ಷದ ಸಾಲ. ಗಾಳಿಯಲ್ಲಿ ಆಗಲೇ ಸೇರಿಕೊಂಡಿರುವ ಅನಿಲ ಒಟ್ಟು ಬಾಕಿ. ಕೈಗಾರಿಕೆಗಳು ಬರುವ ಮುಂಚೆ ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಇಂಗಾಲದ ಡೈಆಕ್ಸೈಡ್‌ದು. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಸತತವಾಗಿ ಅಳೆಯಲು ಶುರು ಮಾಡಿದಾಗ ಸುಮಾರು 315. ಈಗ 420 ದಾಟಿದೆ. ಜಗತ್ತಿನ ವಾರ್ಷಿಕ ಹೊಗೆ ಬಿಸಿ ಹಿಡಿದಿಡುವ ಎಲ್ಲಾ ಹಸಿರುಮನೆ ಅನಿಲ ಸೇರಿಸಿ 2023ರಲ್ಲಿ ಸುಮಾರು 5,700 ಕೋಟಿ ಟನ್. ಅದು ಏರುವ ವೇಗ ತಗ್ಗಿದೆ ಅನ್ನುವುದು ಒಳ್ಳೆಯ ಸುದ್ದಿಯೇ. ಆದರೆ ಅದು ಇಳಿದು ಸೊನ್ನೆಗೆ ಬರುವವರೆಗೆ ಬಾಕಿ ಬೆಳೆಯುತ್ತಲೇ ಇರುತ್ತದೆ, ಬಿಸಿಯೂ ಏರುತ್ತಲೇ ಇರುತ್ತದೆ. ಹಾಗಾಗಿ "ಪ್ರಗತಿ ಆಗಿದೆ" ಅನ್ನುವ ಸುದ್ದಿಯೂ "ದಾಖಲೆ ಬಿಸಿ" ಅನ್ನುವ ಸುದ್ದಿಯೂ ಒಂದೇ ದಿನ ಒಂದೇ ಪುಟದಲ್ಲಿ ಬರಬಹುದು. ಎರಡೂ ಸುಳ್ಳಲ್ಲ.

ಪ್ರಗತಿ ಎಷ್ಟು ಅಂತ ಕೇಳಿದರೆ, 2015ರಲ್ಲಿ ಪ್ಯಾರಿಸ್ ಒಪ್ಪಂದ ಆದಾಗ ಜಗತ್ತು ಈ ಶತಮಾನದ ಕೊನೆಗೆ 3ರಿಂದ 3.5 ಡಿಗ್ರಿ ಏರಿಕೆಯ ದಾರಿಯಲ್ಲಿತ್ತು. ಈಗ ದೇಶಗಳು ನಿಜವಾಗಿ ಜಾರಿಯಲ್ಲಿಟ್ಟಿರುವ ನೀತಿಗಳನ್ನೇ ಲೆಕ್ಕ ಹಾಕಿದರೆ ಸುಮಾರು 2.8. ಕೊಟ್ಟ ಮಾತನ್ನೆಲ್ಲ ಉಳಿಸಿಕೊಂಡರೆ 2.3ರಿಂದ 2.5. ಇದು ಎಲ್ಲಿಗೂ ಸಾಲದು. ಆದರೆ ಹತ್ತು ವರ್ಷದಲ್ಲಿ ಅರ್ಧ ಡಿಗ್ರಿಯಷ್ಟು ದಾರಿ ಬದಲಾಗಿದೆ ಅನ್ನುವುದೂ ಅದೇ ಪುಟದಲ್ಲಿದೆ.

ಸೌರ ವಿದ್ಯುತ್ತೂ ಕಲ್ಲಿದ್ದಲೂ ಒಟ್ಟಿಗೆ ಏರಿದ್ದು ಹೇಗೆ ಅಂತ ಕೇಳಿದ್ದೀರಿ. ದೊಡ್ಡ ಸೌರ ಸ್ಥಾವರಗಳಿಂದ ಬರುವ ವಿದ್ಯುತ್ತಿನ ವೆಚ್ಚ 2010ರಿಂದ ಇಲ್ಲಿಗೆ ನೂರಕ್ಕೆ ಸುಮಾರು 90ರಷ್ಟು ಬಿದ್ದಿದೆ. ಬ್ಯಾಟರಿಯದ್ದೂ ಹೆಚ್ಚುಕಡಿಮೆ ಅಷ್ಟೇ. 2024 ಒಂದೇ ವರ್ಷದಲ್ಲಿ ಜಗತ್ತಿಗೆ 585 ಗಿಗಾವ್ಯಾಟ್ ನವೀಕರಿಸಬಹುದಾದ ಇಂಧನದ ಸಾಮರ್ಥ್ಯ ಸೇರಿತು. ಅಣುಶಕ್ತಿಯನ್ನೂ ಸೇರಿಸಿಕೊಂಡರೆ ಆ ವರ್ಷ ಜಗತ್ತಿನ ವಿದ್ಯುತ್ತಿನಲ್ಲಿ 40 ಭಾಗ ಹೊಗೆಯಿಲ್ಲದ ಮೂಲಗಳಿಂದ ಬಂತು. ಆದರೆ ಅದೇ ವರ್ಷ ವಿದ್ಯುತ್ತಿನ ಬೇಡಿಕೆಯೂ ನೂರಕ್ಕೆ ನಾಲ್ಕರಷ್ಟು ಏರಿತು. ಹೊಸದಾಗಿ ಬಂದ ಸೂರ್ಯ, ಗಾಳಿ ಎಲ್ಲವೂ ಆ ಏರಿಕೆಯನ್ನು ತುಂಬುವುದಕ್ಕೇ ಖರ್ಚಾಯಿತು. ಹಳೆಯ ಕಲ್ಲಿದ್ದಲನ್ನು ಪಕ್ಕಕ್ಕೆ ಸರಿಸುವಷ್ಟು ಉಳಿಯಲಿಲ್ಲ. ಸಂಬಳ ಏರಿದರೂ ಖರ್ಚು ಅದಕ್ಕಿಂತ ಸ್ವಲ್ಪ ಜಾಸ್ತಿ ಏರಿದ ಮನೆಯ ಹಾಗೆ.

ಕಲ್ಲಿದ್ದಲು ಬಿಡುವುದು ಆಗದ ಮಾತು ಅಂತ ಇದರ ಅರ್ಥ ಅಲ್ಲ. ಜಗತ್ತಿನ ಮೊದಲ ಸಾರ್ವಜನಿಕ ಕಲ್ಲಿದ್ದಲು ವಿದ್ಯುತ್ ಸ್ಥಾವರ 1882ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಅದೇ ಬ್ರಿಟನ್ 2024ರ ಸೆಪ್ಟೆಂಬರ್ 30ರಂದು ತನ್ನ ಕೊನೆಯ ಕಲ್ಲಿದ್ದಲು ಸ್ಥಾವರವನ್ನು ಮುಚ್ಚಿತು. 142 ವರ್ಷ. ಕೊನೆಯ ಭಾಗ ಮಾತ್ರ ಬೇಗ ಆಯಿತು: 2012ರಲ್ಲಿ ಅಲ್ಲಿನ ವಿದ್ಯುತ್ತಿನಲ್ಲಿ ಹತ್ತಿರ ಹತ್ತಿರ 40 ಭಾಗ ಕಲ್ಲಿದ್ದಲಿನದ್ದೇ ಆಗಿತ್ತು. 1990ಕ್ಕೆ ಹೋಲಿಸಿದರೆ ಅಲ್ಲಿಯ ಹೊಗೆ ಅರ್ಧಕ್ಕೆ ಇಳಿದಿದೆ, ಆರ್ಥಿಕತೆ ಬೆಳೆದಿದೆ. ಪರಿಸರ ಬೇಕಾ ಅಭಿವೃದ್ಧಿ ಬೇಕಾ ಅಂತ ಕೇಳುವವರಿಗೆ ಇದು ಒಂದು ಉತ್ತರ. ಪೂರ್ತಿ ಉತ್ತರ ಅಲ್ಲ, ಯಾಕೆಂದರೆ ಅಲ್ಲಿ ಬಳಸುವ ಸಾಮಾನಿನಲ್ಲಿ ತುಂಬಾ ಭಾಗ ಈಗ ಬೇರೆ ದೇಶದ ಕಾರ್ಖಾನೆಯಲ್ಲಿ ತಯಾರಾಗುತ್ತೆ. ಆ ಹೊಗೆ ಬೇರೆಯವರ ಖಾತೆಯಲ್ಲಿ ಬೀಳುತ್ತೆ.

ಇಲ್ಲಿಗೆ ನನಗೆ ಅತಿ ಮುಖ್ಯ ಅನಿಸುವ ವಿಷಯಕ್ಕೆ ಬಂದೆ. ನನ್ನ ವೃತ್ತಿಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಮಾಡಿದ್ದು ಯೋಜನೆಗಳ ಮೌಲ್ಯಮಾಪನ. ಕಟ್ಟಿ ಮುಗಿಸಿ, ಫೋಟೋ ತೆಗೆದು, ಎಲ್ಲರೂ ಹೋದ ಮೇಲೆ ಹೋಗಿ ನೋಡುವ ಕೆಲಸ. ಅಲ್ಲಿ ಕಲಿತದ್ದು ಏನೆಂದರೆ, ತಂತ್ರಜ್ಞಾನ ಸೋತು ಹಾಳಾದ ಯೋಜನೆಗಳು ಕಡಿಮೆ. ಹೆಚ್ಚಿನವು ದುಡ್ಡಿನ ಎರಡು ಜಾಗದಲ್ಲಿ ಮುಗ್ಗರಿಸಿರುತ್ತವೆ. ಒಂದು ಬಡ್ಡಿ. ಇನ್ನೊಂದು ನಿರ್ವಹಣೆ.

ಬಡ್ಡಿಯನ್ನು ನೋಡಿ. ಕಲ್ಲಿದ್ದಲು ಸ್ಥಾವರಕ್ಕೆ ಇಂಧನದ ಖರ್ಚು ವರ್ಷ ವರ್ಷ ಬರುತ್ತೆ. ಸೂರ್ಯನಿಗೆ ಬಿಲ್ ಇಲ್ಲ. ಹಾಗಾಗಿ ಸೌರ ಸ್ಥಾವರದ ಖರ್ಚು ಬಹುಪಾಲು ಮೊದಲ ದಿನವೇ ಬೀಳುತ್ತೆ, ಅಂದರೆ ಸಾಲದ ಮೇಲೆ ಬೀಳುತ್ತೆ. 100 ಡಾಲರ್ ಸಾಲವನ್ನು ಶೇಕಡಾ 5 ಬಡ್ಡಿಗೆ ತಂದು 20 ವರ್ಷ ಸಮಾನ ಕಂತಿನಲ್ಲಿ ತೀರಿಸಿದರೆ ವರ್ಷಕ್ಕೆ ಸುಮಾರು 8 ಡಾಲರ್ ಕಟ್ಟಬೇಕು. ಅದೇ ಸಾಲಕ್ಕೆ ಬಡ್ಡಿ 15 ಆದರೆ ವರ್ಷಕ್ಕೆ ಸುಮಾರು 16. ಅದೇ ಪ್ಯಾನೆಲ್, ಅದೇ ಬಿಸಿಲು, ವಿದ್ಯುತ್ತಿನ ಬೆಲೆ ಮಾತ್ರ ಎರಡರಷ್ಟು. ಶ್ರೀಮಂತ ದೇಶಕ್ಕೆ ಮೊದಲ ಬಡ್ಡಿ ಸಿಗುತ್ತೆ, ಬಡ ದೇಶಕ್ಕೆ ಎರಡನೆಯದು. ಜಗತ್ತಿನ ಅತ್ಯುತ್ತಮ ಬಿಸಿಲಿನ ಜಾಗಗಳಲ್ಲಿ ಸುಮಾರು 60 ಭಾಗ ಆಫ್ರಿಕಾದಲ್ಲಿವೆ. ಸೌರ ವಿದ್ಯುತ್ತಿನ ಸ್ಥಾಪಿತ ಸಾಮರ್ಥ್ಯದಲ್ಲಿ ಅದರ ಪಾಲು ನೂರಕ್ಕೆ ಒಂದರ ಹತ್ತಿರ. ಬಿಸಿಲಿನ ಕೊರತೆ ಅಲ್ಲ ಅದು, ಅಗ್ಗದ ಸಾಲದ ಕೊರತೆ. ಜಗತ್ತಿನಲ್ಲಿ 300 ಕೋಟಿಗೂ ಹೆಚ್ಚು ಜನ ಬದುಕುತ್ತಿರುವ ದೇಶಗಳು ಆರೋಗ್ಯಕ್ಕೋ ಶಿಕ್ಷಣಕ್ಕೋ ಇಡುವುದಕ್ಕಿಂತ ಹೆಚ್ಚು ಹಣವನ್ನು ಹಳೆಯ ಸಾಲದ ಬಡ್ಡಿಗೇ ಕಟ್ಟುತ್ತಿವೆ. ಅಲ್ಲಿನ ಹಣಕಾಸು ಮಂತ್ರಿಗೆ ಹೋಗಿ "ಹಸಿರಾಗಿ" ಅಂದರೆ ಆತ ಏನು ಮಾಡಬೇಕು ಹೇಳಿ?

ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟಿದ್ದವು, 2020ರ ಹೊತ್ತಿಗೆ ಬಡ ದೇಶಗಳ ಹವಾಮಾನದ ಕೆಲಸಕ್ಕೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆ ಅಂತ. ಅದು ಈಡೇರಿದ್ದು 2022ರಲ್ಲಿ, ಎರಡು ವರ್ಷ ತಡವಾಗಿ. ಅದರಲ್ಲೂ ದೊಡ್ಡ ಪಾಲು ಸಾಲ. 2024ರಲ್ಲಿ ಅಜರ್‌ಬೈಜಾನಿನ ಬಾಕು ನಗರದ ಹವಾಮಾನ ಸಮ್ಮೇಳನದಲ್ಲಿ ಹೊಸ ಮಾತು ಬಂತು: 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್. ಹಿಂದುಳಿದ ದೇಶಗಳು ಕೇಳಿದ್ದು 1.3 ಲಕ್ಷ ಕೋಟಿ. ಹೊಗೆ ಬಿಟ್ಟವರು ಒಬ್ಬರು, ಬಿಸಿ ತಾಳುವವರು ಇನ್ನೊಬ್ಬರು, ತಾಳುವುದಕ್ಕೆ ಬೇಕಾದ ಸಾಲಕ್ಕೆ ಬಡ್ಡಿ ಕಟ್ಟುವವರೂ ಅವರೇ. ನನಗೆ ಈ ಕ್ಷೇತ್ರದಲ್ಲಿ ಸಿಟ್ಟು ಬರುವುದು ಇಲ್ಲಿ.

ನಿರ್ವಹಣೆಯ ಮಾತಿಗೆ ನಾನು ಕಣ್ಣಾರೆ ಕಂಡ ಒಂದು ಜಾಗ ಸಾಕು. ಒಂದು ಸಣ್ಣ ಆರೋಗ್ಯ ಕೇಂದ್ರ. ಛಾವಣಿ ಮೇಲೆ ಎಂಟು ಸೌರ ಪ್ಯಾನೆಲ್. ಕಾಗದದಲ್ಲಿ "ಗುರಿ ಸಾಧಿಸಲಾಗಿದೆ" ಅಂತ ಇತ್ತು. ಒಳಗೆ ಹೋದರೆ ಲಸಿಕೆಯ ಫ್ರಿಜ್ ಬಾಗಿಲು ತೆರೆದೇ ಇತ್ತು, ಒಳಗೆ ರಿಜಿಸ್ಟರ್ ಪುಸ್ತಕಗಳನ್ನು ಜೋಡಿಸಿದ್ದರು. ಲಸಿಕೆ 2ರಿಂದ 8 ಡಿಗ್ರಿಯೊಳಗೇ ಇರಬೇಕು, ಇಲ್ಲದಿದ್ದರೆ ಕೆಡುತ್ತೆ. ಹಿಂದಿನ ಕೋಣೆಯಲ್ಲಿ ನಾಲ್ಕು ಬ್ಯಾಟರಿ. ಟರ್ಮಿನಲ್ ತುಂಬಾ ಬಿಳಿ ಹಸಿರು ಪುಡಿ ಕಟ್ಟಿತ್ತು. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದೆ, ಒಳಗೆ ನೀರಿನ ಪಸೆ ಇಲ್ಲ. ಡಿಸ್ಟಿಲ್ಡ್ ವಾಟರ್ ಹಾಕಬೇಕು ಅಂತ ಅಲ್ಲಿಯ ನರ್ಸ್‌ಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅದನ್ನು ಕೊಳ್ಳಲು ಬಜೆಟ್‌ನಲ್ಲಿ ಒಂದು ಸಾಲು ಇರಲಿಲ್ಲ. ಆಕೆ ವಾರಕ್ಕೆರಡು ಸಲ ಐಸ್ ಬಾಕ್ಸ್ ಹಿಡಿದು ಬಸ್ಸಿನಲ್ಲಿ ಹೋಗಿ ಲಸಿಕೆ ತರುತ್ತಿದ್ದರು. ಪ್ಯಾನೆಲ್ ಮಾತ್ರ ಫಳಫಳ ಹೊಳೆಯುತ್ತಿದ್ದವು. ಮಳೆಗೆ ತಾನೇ ತೊಳೆದುಹೋಗುತ್ತಿದ್ದವಲ್ಲ.

17 ಗುರಿಗಳ ಕಥೆಯಲ್ಲಿ ಇದು ತುಂಬಾ ಇದೆ. ನೀವು ಓದಿದ 17 ಭಾಗದ ಸಂಖ್ಯೆ ವಿಶ್ವಸಂಸ್ಥೆಯ 2024ರ ವರದಿಯದ್ದು. ನಿಜ. ಆ 17 ಗುರಿಗಳ ಒಳಗೆ 169 ಸಣ್ಣ ಗುರಿಗಳಿವೆ. ಅವುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನಿಂತಲ್ಲೇ ನಿಂತಿವೆ ಅಥವಾ ಹಿಂದಕ್ಕೆ ಹೋಗಿವೆ ಅಂತ ಅದೇ ವರದಿ ಹೇಳಿತು. ಕೋವಿಡ್, ಯುದ್ಧಗಳು, ಸಾಲ, ಬರ, ನೆರೆ ಎಲ್ಲವೂ ಸೇರಿ ಎಳೆದ ಎಳೆತ ಅದು. ಆದರೆ ಗುರಿ ಮುಟ್ಟಲಿಲ್ಲ ಅಂದ ಮಾತ್ರಕ್ಕೆ ಏನೂ ಆಗಲಿಲ್ಲ ಅಂತಲ್ಲ. 2000ದಲ್ಲಿ ಐದು ವರ್ಷ ತುಂಬುವ ಮುಂಚೆ ಸತ್ತ ಮಕ್ಕಳು ಹತ್ತಿರ ಹತ್ತಿರ ಒಂದು ಕೋಟಿ. 2022ರಲ್ಲಿ 49 ಲಕ್ಷ. 2010ರಲ್ಲಿ ವಿದ್ಯುತ್ ಇಲ್ಲದವರು 100 ಕೋಟಿಗೂ ಹೆಚ್ಚು, 2023ರಲ್ಲಿ 66.6 ಕೋಟಿ. ಅದೇ ಹೊತ್ತಿನಲ್ಲಿ 200 ಕೋಟಿಗೂ ಹೆಚ್ಚು ಜನ ಇನ್ನೂ ಹೊಗೆಯ ಒಲೆಯಲ್ಲೇ ಅಡುಗೆ ಮಾಡುತ್ತಾರೆ. 2024ರಲ್ಲಿ ಹಸಿವಿನಲ್ಲಿದ್ದವರು ಸುಮಾರು 67 ಕೋಟಿ, 2015ರಲ್ಲಿ ಇದ್ದದ್ದಕ್ಕಿಂತ ಜಾಸ್ತಿ. ಇವನ್ನೆಲ್ಲ ಕೂಡಿಸಿ ಒಂದೇ ಅಂಕ ಕೊಟ್ಟರೆ ಬದುಕಿದ ಮಗುವೂ ಕಾಣಿಸಲ್ಲ, ಹಸಿದ ಮಗುವೂ ಕಾಣಿಸಲ್ಲ.

ಕಾಣದೆ ಹೋಗುವ ಗೆಲುವುಗಳಲ್ಲಿ ನನಗೆ ಅತಿ ದೊಡ್ಡದು ಅನಿಸುವುದು ಮುನ್ಸೂಚನೆ. 1970ರ ನವೆಂಬರ್‌ನಲ್ಲಿ ಈಗಿನ ಬಾಂಗ್ಲಾದೇಶದ ಕರಾವಳಿಗೆ ಬಂದ ಭೋಲಾ ಚಂಡಮಾರುತದಲ್ಲಿ ಕಡಿಮೆ ಅಂದರೂ ಮೂರು ಲಕ್ಷ ಜನ ಸತ್ತರು. 1991ರಲ್ಲಿ ಸುಮಾರು 1.38 ಲಕ್ಷ. 2020ರಲ್ಲಿ ಅಂಫಾನ್ ಬಂದಾಗ ಅದೇ ದೇಶದಲ್ಲಿ ಸತ್ತವರು ಕೆಲವೇ ಹತ್ತುಗಳ ಲೆಕ್ಕದಲ್ಲಿದ್ದರು. ಸಮುದ್ರ ಶಾಂತವಾಗಿರಲಿಲ್ಲ. ಉಪಗ್ರಹದ ಮುನ್ಸೂಚನೆ ಇತ್ತು, ಎತ್ತರದ ಕಾಂಕ್ರೀಟ್ ಆಸರೆ ಕಟ್ಟಡಗಳಿದ್ದವು, ಮೈಕು ಹಿಡಿದು ಮನೆ ಮನೆಗೆ ಹೋಗುವ ಸಾವಿರಾರು ಸ್ವಯಂಸೇವಕರಿದ್ದರು. ಬಡ ದೇಶವೊಂದು ಐವತ್ತು ವರ್ಷ ಬಿಡದೆ ಮಾಡಿದ ಕೆಲಸ ಅದು. ಸಾಯದೆ ಉಳಿದವರ ಸುದ್ದಿ ಮೊಬೈಲ್‌ನಲ್ಲಿ ರಾತ್ರಿ ಎರಡು ಗಂಟೆಗೆ ಬರುವುದಿಲ್ಲ. ಮಗಳಿಗೆ ಇದನ್ನು ಹೇಳಿ.

ಸಮ್ಮೇಳನಗಳ ಬಗ್ಗೆ ನಿಮ್ಮ ಬೇಸರ ನನಗೂ ಇದೆ. ಅಲ್ಲಿ ಎಲ್ಲವೂ ಯಾಕೆ ನಿಧಾನ ಅನ್ನುವುದಕ್ಕೆ ಒಂದು ಸರಳ ಕಾರಣ ಇದೆ. 1995ರಲ್ಲಿ ಬರ್ಲಿನ್‌ನಲ್ಲಿ ನಡೆದ ಮೊದಲ ಸಭೆಯಿಂದ ಇವತ್ತಿನವರೆಗೆ ಮತ ಹಾಕುವ ನಿಯಮವನ್ನೇ ಅಲ್ಲಿ ಒಪ್ಪಿಕೊಂಡಿಲ್ಲ. ಎಲ್ಲರೂ ಒಪ್ಪಬೇಕು. ಸುಮಾರು 200 ದೇಶಗಳಲ್ಲಿ ತೈಲ ಮಾರುವವರೂ ಇದ್ದಾರೆ, ಮುಳುಗುತ್ತಿರುವ ದ್ವೀಪಗಳೂ ಇವೆ. ಎತ್ತು ಏರಿಗೆ, ಕೋಣ ನೀರಿಗೆ. ಹಾಗಾಗಿ "ಪಳೆಯುಳಿಕೆ ಇಂಧನಗಳಿಂದ ದೂರ ಸರಿಯಬೇಕು", ಅಂದರೆ ಕಲ್ಲಿದ್ದಲು, ತೈಲ, ಅನಿಲ ಬಿಡಬೇಕು ಅನ್ನುವ ಒಂದು ಸಾಲು ಒಪ್ಪಂದದ ಕಾಗದಕ್ಕೆ ಬರಲು 2023ರ ದುಬೈ ಸಭೆಯವರೆಗೆ ಕಾಯಬೇಕಾಯಿತು. ಈಗ ಅಮೆರಿಕದಂಥ ದೊಡ್ಡ ದೇಶ ಪ್ಯಾರಿಸ್ ಒಪ್ಪಂದದಿಂದ ಹೊರಗೆ ಕಾಲಿಟ್ಟಿದ್ದನ್ನೂ ನೋಡಿದ್ದೇವೆ. ಆದರೆ ಸಭೆಯೇ ಬೇಡ ಅಂದರೆ ವನುವಾಟುವಿನಂಥ ಪುಟ್ಟ ದ್ವೀಪದೇಶದ ಮಾತು ಕೇಳುವ ಜಾಗ ಯಾವುದು? ಆ ದೇಶದ ಹಠದಿಂದಲೇ ಪ್ರಶ್ನೆ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ ಅಂತ ಆ ನ್ಯಾಯಾಲಯ 2025ರ ಜುಲೈನಲ್ಲಿ ಅಭಿಪ್ರಾಯ ಕೊಟ್ಟಿತು. ಇದರ ಮೂಲ ಯೋಚನೆ ಹುಟ್ಟಿದ್ದು ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳ ಒಂದು ಗುಂಪಿನಲ್ಲಿ, 2019ರಲ್ಲಿ. ಅವರಿಗೂ ಹೆಚ್ಚುಕಡಿಮೆ ನಿಮ್ಮ ಮಗಳದ್ದೇ ವಯಸ್ಸು.

ಜಗತ್ತು ಒಗ್ಗಟ್ಟಾಗಿ ಗೆದ್ದ ಉದಾಹರಣೆ ಬೇಕಾದರೆ ಓಝೋನ್ ಇದೆ. 1987ರ ಮಾಂಟ್ರಿಯಲ್ ಒಪ್ಪಂದದಿಂದ ಓಝೋನ್ ಕೆಡಿಸುವ ಅನಿಲಗಳ ಬಳಕೆ ನೂರಕ್ಕೆ 99ರಷ್ಟು ನಿಂತಿದೆ. ಅಂಟಾರ್ಕ್ಟಿಕದ ಮೇಲಿನ ರಂಧ್ರ 2066ರ ಸುಮಾರಿಗೆ 1980ರ ಸ್ಥಿತಿಗೆ ಮರಳುವ ನಿರೀಕ್ಷೆ ಇದೆ. ಆದರೆ ಅಲ್ಲಿ ಬದಲಿಸಬೇಕಾಗಿದ್ದು ಕೆಲವೇ ರಾಸಾಯನಿಕ, ಕೆಲವೇ ಕಂಪನಿ. ಇಲ್ಲಿ ಬದಲಿಸಬೇಕಾದದ್ದು ಅಡುಗೆ, ಓಡಾಟ, ಸಿಮೆಂಟು, ಉಕ್ಕು, ಹೊಲ ಎಲ್ಲ.

ಇನ್ನು ನೀವು ಗಿಡಕ್ಕೆ ಕೊಡುವ ಹಣ. ನಿಲ್ಲಿಸಿ ಅನ್ನಲ್ಲ, ಆದರೆ ಎರಡು ಪ್ರಶ್ನೆ ಕೇಳಿ. ಐದು ವರ್ಷದ ಹಿಂದೆ ನೆಟ್ಟಿದ್ದರಲ್ಲಿ ಇವತ್ತು ಬದುಕಿರುವುದು ಎಷ್ಟು? ಅಲ್ಲಿಗೆ ಹೊಂದುವ ಜಾತಿಯ ಗಿಡವಾ ಅಥವಾ ಬೇಗ ಬೆಳೆಯುವ ಒಂದೇ ಜಾತಿಯಾ? ಉತ್ತರ ತಕ್ಷಣ ಬಂದರೆ ಮುಂದುವರಿಸಿ. ತಡವರಿಸಿದರೆ ಅದೇ ಹಣವನ್ನು ಇರುವ ಕಾಡು ಉಳಿಸುವವರಿಗೆ ಕೊಡುವುದು ಮೇಲು, ಹಳೆಯ ಕಾಡಿನ ಮಣ್ಣಿನಲ್ಲಿ ಇರುವ ಇಂಗಾಲವನ್ನು ಹೊಸ ಸಸಿ ತುಂಬಲು ದಶಕಗಳು ಬೇಕು. ಗಿಡ ನೆಟ್ಟಿದ್ದೇನೆ, ಹಾಗಾಗಿ ನನ್ನ ಹೊಗೆ ಮಾಫಿ ಅನ್ನುವ ಲೆಕ್ಕಕ್ಕೆ ಮಾತ್ರ ಹೋಗಬೇಡಿ. ಕಲ್ಲಿದ್ದಲಿನ ಇಂಗಾಲ ಕೋಟ್ಯಂತರ ವರ್ಷ ನೆಲದೊಳಗೆ ಭದ್ರವಾಗಿತ್ತು. ಮರದ ಇಂಗಾಲ ಒಂದು ಕಾಡ್ಗಿಚ್ಚಿಗೆ ಹೊರಬರುತ್ತೆ. ಎರಡನ್ನೂ ಒಂದೇ ಕಾಲಂನಲ್ಲಿ ಬರೆದು ಸರಿದೂಗಿಸುವ ಕಾರ್ಬನ್ ಕ್ರೆಡಿಟ್‌ಗಳಲ್ಲಿ, ಅಂದರೆ ತಮ್ಮ ಹೊಗೆಗೆ ಬದಲಾಗಿ ಕಂಪನಿಗಳು ದುಡ್ಡು ಕೊಟ್ಟು ಕೊಳ್ಳುವ ಪತ್ರಗಳಲ್ಲಿ, ಜೊಳ್ಳು ಬಹಳ ಇದೆ. ದುಡ್ಡು ಮಾಡುವವರ ಬಗ್ಗೆ ನಿಮ್ಮ ತಮ್ಮ ಹೇಳುವ ಮಾತು ಇಲ್ಲಿ ಸರಿ.

ಮಗಳ ಓದಿನ ವಿಷಯ. ಓದಲಿ ಅನ್ನುವುದು ನನ್ನ ಅಭಿಪ್ರಾಯ, ಆದರೆ ಯಾವ ದಾರಿ ಅನ್ನುವುದನ್ನು ನೋಡಿಕೊಂಡು. ಸುಸ್ಥಿರತೆ ಅಂತ ಬರೀ ಸಾಮಾನ್ಯ ಪದವಿ ತೆಗೆದುಕೊಂಡವರು ಕೊನೆಗೆ ಕಂಪನಿಗಳ ವಾರ್ಷಿಕ ವರದಿ ಬರೆಯುವ ಕೆಲಸಕ್ಕೆ ಸಿಕ್ಕಿಕೊಳ್ಳುವುದನ್ನು ತುಂಬಾ ನೋಡಿದ್ದೇನೆ. ಸಂಬಳ ಚೆನ್ನಾಗಿರುತ್ತೆ, ಎರಡು ವರ್ಷದಲ್ಲಿ ಮನಸ್ಸು ಬತ್ತುತ್ತೆ. ಕೈಯಲ್ಲಿ ಒಂದು ಗಟ್ಟಿ ಕಸುಬು ಇರಬೇಕು. ವಿದ್ಯುತ್ ಗ್ರಿಡ್ ಮತ್ತು ಬ್ಯಾಟರಿ ಕಲಿತರೆ ಕೆಲಸಕ್ಕೆ ಕೊರತೆ ಇಲ್ಲ, ಆದರೆ ಜನರ ಬದುಕಿನಿಂದ ದೂರವೇ ಉಳಿಯಬಹುದು. ಹಣಕಾಸು ಕಲಿತರೆ ಆ ಬಡ್ಡಿಯ ಗಂಟಿಗೆ ಕೈ ಹಾಕಬಹುದು. ನನ್ನ ಕಣ್ಣಿಗೆ ಈಗ ಅತಿ ಹೆಚ್ಚು ಜನ ಬೇಕಾಗಿರುವುದು ಅಲ್ಲೇ. ಅಪಾಯ ಏನೆಂದರೆ ಜೊಳ್ಳು ಕ್ರೆಡಿಟ್ ಮಾರುವವರೂ ಅದೇ ಕಟ್ಟಡದಲ್ಲಿ ಕೂತಿರುತ್ತಾರೆ, ಗುರುತಿಸುವ ಕಣ್ಣು ಬೇಕು. ಅವಳಿಗೆ ಆ ಕಣ್ಣನ್ನು ನಿಮ್ಮಷ್ಟು ಚೆನ್ನಾಗಿ ಕಲಿಸುವವರು ಬೇರೆ ಯಾರಿದ್ದಾರೆ? ನೀರು, ನೆರೆ, ಬಿಸಿಗಾಳಿಗೆ ಊರುಗಳನ್ನು ಸಜ್ಜು ಮಾಡುವ ಕೆಲಸ ಇನ್ನೊಂದು. ಫಲ ಕಣ್ಣಿಗೆ ಕಾಣುತ್ತೆ, ಸಂಬಳ ಕಡಿಮೆ, ಕಡತ ನಿಧಾನ. ಮೀಥೇನ್ ಸೋರಿಕೆ ಹಿಡಿಯುವ ಕೆಲಸದ ಬಗ್ಗೆಯೂ ಅವಳು ಓದಲಿ. ಆ ಅನಿಲ 20 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟು ಬಿಸಿ ಮಾಡುತ್ತೆ, ಆದರೆ ಗಾಳಿಯಲ್ಲಿ ಸುಮಾರು 12 ವರ್ಷ ಮಾತ್ರ ಇರುತ್ತೆ. ಅದನ್ನು ಇಳಿಸಿದರೆ ಫಲ ನಮ್ಮ ಕಾಲದಲ್ಲೇ ಸಿಗುತ್ತದೆ.

ಅದಕ್ಕೂ ಮುಂಚೆ ನಿದ್ದೆ. ರಾತ್ರಿ ಹತ್ತಕ್ಕೆ ಮೊಬೈಲ್ ಬೇರೆ ಕೋಣೆಯಲ್ಲಿಡುವ ಒಪ್ಪಂದ ಮಾಡಿಕೊಳ್ಳಿ, ನೀವೂ ಇಡಿ. ಮಂಕು ಹೋಗದಿದ್ದರೆ, ಊಟ ಓದು ಎರಡೂ ಬೇಡ ಅನ್ನುವಂತಾದರೆ, ಆಪ್ತ ಸಮಾಲೋಚಕರ ಹತ್ತಿರ ಕರೆದುಕೊಂಡು ಹೋಗಿ. "ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀಯ" ಅಂತ ಮಾತ್ರ ಹೇಳಬೇಡಿ. ತಲೆ ಕೆಡಿಸಿಕೊಳ್ಳಬೇಕಾದ ವಿಷಯವೇ ಇದು, ಒಬ್ಬಳೇ ಕೆಡಿಸಿಕೊಳ್ಳಬಾರದು ಅಷ್ಟೇ.

ಅರ್ಜಿ ಹಾಕುವ ಮುಂಚೆ, ಆ ಕೋರ್ಸ್ ಮುಗಿಸಿ ಮೂರು ವರ್ಷ ಆದ ಇಬ್ಬರು ಮೂವರನ್ನು ಹುಡುಕಿ ಅವಳು ಮಾತಾಡಲಿ. ಬೆಳಿಗ್ಗೆ ಕೆಲಸಕ್ಕೆ ಹೋದ ಮೇಲೆ ಸಂಜೆವರೆಗೆ ನಿಜವಾಗಿ ಏನು ಮಾಡುತ್ತೀರಿ ಅಂತ ಕೇಳಲಿ. ಕೋರ್ಸ್‌ನಲ್ಲಿ ಕ್ಷೇತ್ರದ ಕೆಲಸ ಎಷ್ಟು ವಾರ ಇದೆ ಅನ್ನುವುದನ್ನೂ ನೋಡಲಿ. ಎಂಟು ವಾರಕ್ಕಿಂತ ಕಡಿಮೆ ಇದ್ದರೆ ನಾನಾದರೆ ಬೇರೆ ಕೋರ್ಸ್ ಹುಡುಕುತ್ತೇನೆ.